ಎ ಸೈಡ್ ಮುಗಿದ ಮೇಲೆ

ನಮಸ್ಕಾರ. ಶಿರಸಿಯಲ್ಲಿ ಇವತ್ತೂ ಮಳೆ ಬಿಟ್ಟಿಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ, ಹಾಗಾಗಿ ಈ ವಿಡಿಯೊ ಜಗಲಿಯಲ್ಲೇ. ಕಂಪ್ಯೂಟರಿನ ಹಾಡಿನ ಪಟ್ಟಿಯಿಂದ ಬೇಡದ ಫೋಲ್ಡರ್ ತೆಗೆಯುವುದು ಹೇಗೆ ಅಂತ ಇವತ್ತು ತೋರಿಸುತ್ತೇನೆ.

ಈ ಟ್ರಂಕಿನಲ್ಲಿರುವುದು ಅಪ್ಪಯ್ಯನ ತಾಳಮದ್ದಳೆ ಕ್ಯಾಸೆಟ್‌ಗಳು. ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಸುರುಳಿಯ ಅಂಚಿನಲ್ಲಿ ಬಿಳಿ ಹಿಟ್ಟಿನ ಹಾಗೆ ಕೂತಿದೆಯಲ್ಲ, ಅದು ಬೂಷ್ಟು. ನಮ್ಮ ಮಳೆಗಾಲಕ್ಕೆ ಟೇಪು ತಡೆಯುವುದಿಲ್ಲ. ಓಡುತ್ತಿದ್ದವನ್ನೆಲ್ಲ ಎರಡು ವರ್ಷದ ಹಿಂದೆ ಕಂಪ್ಯೂಟರಿಗೆ ಇಳಿಸಿದೆ. ಕೆಲವಕ್ಕೆ ಈಗ ಆ ಫೈಲ್ ಒಂದೇ ಗತಿ.

ಕೇಳಲು ಫೂಬಾರ್ 2000 ಅನ್ನುವ, ಕಂಪ್ಯೂಟರಿನಲ್ಲಿ ಹಾಡು ನುಡಿಸುವ ಪ್ರೋಗ್ರಾಮ್ ಹಾಕಿಕೊಟ್ಟಿದ್ದೆ. ಯಾವ ಫೋಲ್ಡರ್ ಮೇಲೆ ಕಣ್ಣಿಡಬೇಕು ಅಂತ ನಾವೇ ಅದಕ್ಕೆ ಹೇಳಬೇಕು. ನಾನು ಸುಮ್ನೆ ಇಡೀ ಡಿ ಡ್ರೈವ್ ತೋರಿಸಿದ್ದೆ. ಅದರಲ್ಲೇ ನನ್ನ ಫೋನಿನ ಬ್ಯಾಕಪ್ಪೂ ಇತ್ತು. ಹೆಸರು, ಆಲ್ಬಮ್ ಏನೂ ತುಂಬಿಸದ ಫೈಲ್‌ಗಳೆಲ್ಲ ಲೈಬ್ರರಿಯಲ್ಲಿ ಒಂದೇ ರಾಶಿಯಾದವು. ಹೋದ ವಾರ ಕರ್ಣಪರ್ವದ ಎ ಸೈಡ್ ಮುಗಿಯಿತು. ಬಿ ಸೈಡಿನಲ್ಲಿ ಕರ್ಣ ಮಾತು ಶುರು ಮಾಡಬೇಕು. ಬಂದದ್ದು ಅಡಿಕೆ ರೇಟಿನ ಬಗ್ಗೆ ಯಾರೋ ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜು. ಅಪ್ಪಯ್ಯ ಏನೂ ಹೇಳದೆ ಎದ್ದು ಹೋದರು. ನನಗೆ ತುಂಬಾ ಬೇಜಾರಾಯಿತು.

ಸರಿ ಮಾಡಲು ಐದು ನಿಮಿಷ ಸಾಕು. ಫೈಲ್ ಮೆನು, ಪ್ರಿಫರೆನ್ಸಸ್, ಅಲ್ಲಿ ಮೀಡಿಯಾ ಲೈಬ್ರರಿ. ಡಿ ಡ್ರೈವ್ ಆಯ್ದು ರಿಮೂವ್ ಒತ್ತಬೇಕು. ಇಲ್ಲಿ ಅಪ್ಪಯ್ಯ ನನ್ನ ಕೈ ಹಿಡಿದರು. "ತಮಾ, ಪದ ಎಂತೂ ಹೋಗ್ತಿಲ್ಲೆ ಅಲ್ದಾ?"

ಆ ಭಯ ಎಲ್ಲರಿಗೂ ಇರುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಲೈಬ್ರರಿ ಅಂದರೆ ಹಾಡಿನ ಪೆಟ್ಟಿಗೆ ಅಲ್ಲ, ಯಾವ ಹಾಡು ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿ. ಫೋಲ್ಡರ್ ತೆಗೆದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಡಿಸ್ಕಿನಲ್ಲಿ ಫೈಲ್ ಇದ್ದಲ್ಲೇ ಇರುತ್ತದೆ. ಆದರೆ ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಫೈಲನ್ನೇ ಅಳಿಸುವ ಇನ್ನೊಂದು ಆಯ್ಕೆಯೂ ಸಿಗುತ್ತದೆ. ಅದರ ಹತ್ತಿರ ಹೋಗಬೇಡಿ. ಇಂಥ ಅಪರೂಪದ ಫೈಲ್‌ಗಳಿಗೆ ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ನಾನು ಮೊದಲು ಅದನ್ನು ಮಾಡಿಯೇ ರಿಮೂವ್ ಒತ್ತಿದ್ದು.

ಆಮೇಲೆ ಆಡ್ ಒತ್ತಿ "ತಾಳಮದ್ದಳೆ" ಅನ್ನುವ ಒಂದೇ ಫೋಲ್ಡರ್ ಕೊಟ್ಟೆ. ಒಳಗಿನ ಫೋಲ್ಡರ್‌ಗಳನ್ನು ಅದೇ ನೋಡಿಕೊಳ್ಳುತ್ತದೆ. ಇನ್ನು ಮುಂದೆ ಹೊಸ ಕ್ಯಾಸೆಟ್ ಇಳಿಸಿದರೂ ಅಲ್ಲಿಗೆ ಹಾಕಿದರೆ ಆಯಿತು.

ನಿಮ್ಮ ಹಾಡುಗಳು ಹೊರಗಿನ ಹಾರ್ಡ್ ಡಿಸ್ಕಿನಲ್ಲಿದ್ದರೆ ಒಂದು ಮಾತು. ಇವತ್ತು ಇ ಡ್ರೈವ್ ಅಂತ ಬಂದದ್ದು ನಾಳೆ ಎಫ್ ಅಂತ ಬರಬಹುದು. ಆಗ ಹಾಡು ಕಾಣೆಯಾಗಿದೆ ಅಂತ ಗಾಬರಿ ಬೇಡ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಹಳೆಯ ಅಕ್ಷರವನ್ನೇ ಕೊಡಿ.

ಈಗ ಕರೆಂಟ್ ಇದೆ. ಅಪ್ಪಯ್ಯ ಕವಳ ಹಾಕಿಕೊಂಡು ಕೂತಿದ್ದಾರೆ. ಎ ಸೈಡ್ ಮುಗಿಯುತ್ತಾ ಬಂತು. ಮದ್ದಳೆ ನಿಂತಿತು. ಕೇಳಿ... ಹಾಂ, ಕರ್ಣ ಬಂದ.