ಮರದ ಮೇಲೆ ಮರ

ಕೇಳುಗರಿಗೆ ನಮಸ್ಕಾರ.

ಒಂದು ಇ-ಮೇಲ್ ತಂತ್ರಾಂಶ. ಅದಕ್ಕೊಬ್ಬರು ಗೂಢಲಿಪಿಯ ಸೌಲಭ್ಯ ಸೇರಿಸಿದರು: ಗುಟ್ಟಾಗಿ ಬಂದ ಪತ್ರವನ್ನು ನಿಮಗಾಗಿ ಬಿಡಿಸಿಕೊಡುತ್ತದೆ. ಇನ್ನೊಬ್ಬರು ಫಾರ್ವರ್ಡ್ ಸೇರಿಸಿದರು: ಬಂದ ಪತ್ರವನ್ನು ತಾನಾಗಿಯೇ ಇನ್ನೊಂದು ವಿಳಾಸಕ್ಕೆ ಕಳಿಸುತ್ತದೆ. ಬಿಡಿಬಿಡಿಯಾಗಿ ಎರಡೂ ಸರಿ. ಒಟ್ಟಿಗೆ ಸೇರಿದ ದಿನ, ಬಿಡಿಸಿದ ಪತ್ರವೇ ಮುಂದಕ್ಕೆ ಹೋಯಿತು, ಗುಟ್ಟು ರಟ್ಟಾಯಿತು.

ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಬಾರದೇ ಎನ್ನಬಹುದು. ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ಬಿಡುವ ಸೌಲಭ್ಯಗಳು ಬರೀ 33 ಇದ್ದರೂ ಜೋಡಣೆಗಳು 858 ಕೋಟಿ ದಾಟುತ್ತವೆ. ಅದಕ್ಕೇ ಇಲ್ಲಿ ಗಣಿತ ಬೇಕು.

ಸೌಲಭ್ಯಗಳನ್ನು ಗಣಿತದ ಲೆಕ್ಕದಂತೆ ಕೂಡಿಸುವ ಈ ದಾರಿಯನ್ನು ಅಮೆರಿಕದ ಟೆಕ್ಸಾಸ್‌ನಲ್ಲಿ ಗಣಕ ವಿಜ್ಞಾನಿ ಡಾನ್ ಬೇಟರಿ ತೆರೆದರು. ಜರ್ಮನಿಯ ಪಸೌ ವಿಶ್ವವಿದ್ಯಾಲಯದಲ್ಲಿದ್ದ ಸ್ವೆನ್ ಅಪೆಲ್, ಕ್ರಿಶ್ಚಿಯನ್ ಲೆಂಗೌರ್ ಮತ್ತು ಅವರ ಜೊತೆಗಾರರು 2009ರಲ್ಲಿ, ಬೇರೆ ಬೇರೆಯಾಗಿ ಬರೆದ ಸೌಲಭ್ಯಗಳನ್ನು ಒಂದುಗೂಡಿಸುವ 'ಫೀಚರ್‌ಹೌಸ್' ಎಂಬ ಸಾಧನವನ್ನು ಮುಂದಿಟ್ಟರು. ಅವರು ಕಂಡುಕೊಂಡದ್ದು ನನಗೆ ಇಂದಿಗೂ ಬಲು ಚೆಂದ ಅನ್ನಿಸುತ್ತದೆ. ಪ್ರೋಗ್ರಾಮಿಂಗ್ ಭಾಷೆ ಜಾವಾ ಇರಲಿ, ಸಿ ಇರಲಿ, ಹ್ಯಾಸ್ಕೆಲ್ ಇರಲಿ, ಕೋಡಿನ, ಅಂದರೆ ಪ್ರೋಗ್ರಾಮಿನ ಬರಹದ, ಹಂದರ ಒಂದು ಮರ. ಜಾವಾದಲ್ಲಾದರೆ ಪ್ಯಾಕೇಜು ಎಂಬ ದೊಡ್ಡ ಕಟ್ಟು, ಅದರೊಳಗೆ ಕ್ಲಾಸು ಎಂಬ ಚಿಕ್ಕ ಕಟ್ಟು, ಅದರೊಳಗೆ ಮೆಥಡ್, ಅಂದರೆ ಒಂದು ಕೆಲಸ ಮಾಡುವ ಆದೇಶಗಳ ಗುಂಪು. ಒಂದು ಸೌಲಭ್ಯದ ಮರವನ್ನು ಇನ್ನೊಂದರ ಮೇಲೆ ಬೇರಿಗೆ ಬೇರು ಕೂಡುವಂತೆ ಇಡಿ. ಒಂದೇ ಹೆಸರಿನ, ಒಂದೇ ಜಾತಿಯ ಕೊಂಬೆಗಳು ಒಂದಾಗುತ್ತವೆ, ಜೋಡಿ ಸಿಗದವು ಹೊಸದಾಗಿ ಬಂದು ಸೇರುತ್ತವೆ.

ತೊಡಕಿರುವುದು ಎಲೆಗಳಲ್ಲಿ, ಅಂದರೆ ಮೆಥಡ್‌ನಂಥ ತುದಿಗಳಲ್ಲಿ. ಒಂದೇ ಮೆಥಡ್‌ಗೆ ಎರಡು ಒಡಲು, ಅಂದರೆ ಒಳಗಿನ ಆದೇಶಗಳ ಎರಡು ಪಟ್ಟಿ, ಬಂದರೆ? ಹೊಸ ಒಡಲು ನಿಲ್ಲುತ್ತದೆ. ಅದರೊಳಗೆ 'ಒರಿಜಿನಲ್' ಎಂದು ಬರೆದ ಜಾಗದಲ್ಲಿ ಹಳೆಯದು ಓಡುತ್ತದೆ. ಹೊಸ ಭಾಷೆಯೊಂದನ್ನು ಸೇರಿಸಿಕೊಳ್ಳಲು ಅದರ ವ್ಯಾಕರಣವನ್ನೂ ಇಂಥ ಎಲೆಗಳ ನಿಯಮವನ್ನೂ ಹೇಳಿಕೊಟ್ಟರೆ ಸಾಕು. ಕೊಂಬೆಗಳ ಲೆಕ್ಕ ಎಲ್ಲ ಭಾಷೆಗೂ ಒಂದೇ.

ಇದಕ್ಕೊಂದು ಬೀಜಗಣಿತವನ್ನೂ ಅವರು ಕಟ್ಟಿದರು. ಮೂರು ಸೌಲಭ್ಯಗಳನ್ನು ಸೇರಿಸುವಾಗ ಪಕ್ಕಪಕ್ಕದ ಯಾವ ಎರಡಕ್ಕೆ ಮೊದಲು ಆವರಣ ಹಾಕಿದರೂ ಫಲ ಒಂದೇ. ಆದರೆ ನಾವು ಶಾಲೆಯಲ್ಲಿ ಕಲಿತ ಕೂಡುವ ಲೆಕ್ಕದ ಹಾಗೆ ಹಿಂದುಮುಂದು ಮಾಡುವಂತಿಲ್ಲ. ಯಾರ ಮೇಲೆ ಯಾರು ಕೂತರು ಎಂಬುದರಿಂದಲೇ ಮೆಥಡ್‌ನೊಳಗೆ ಯಾವುದು ಮೊದಲು ಓಡುತ್ತದೆ ಎಂಬುದು ತೀರ್ಮಾನವಾಗುತ್ತದೆ.

ನಮ್ಮ ಇ-ಮೇಲ್ ಪತ್ರ ಮಾತ್ರ ಇಷ್ಟರಿಂದಲೇ ಉಳಿಯುವುದಿಲ್ಲ. ಮರಗಳು ಒಂದಿಷ್ಟೂ ತಪ್ಪಿಲ್ಲದೆ ಕೂಡಿದರೂ ಗುಟ್ಟು ಸೋರಬಹುದು, ಏಕೆಂದರೆ ಮರಕ್ಕೆ ಕೋಡಿನ ಆಕಾರ ಗೊತ್ತು, ನಮ್ಮ ಉದ್ದೇಶ ಗೊತ್ತಿಲ್ಲ. 'ಗೂಢಲಿಪಿಯಲ್ಲಿ ಬಂದ ಪತ್ರ ಬಯಲಾಗಿ ಹೊರಗೆ ಹೋಗಕೂಡದು' ಎಂಬ ಮಾತನ್ನು ತರ್ಕದ ಭಾಷೆಯಲ್ಲಿ ಬೇರೆಯಾಗಿಯೇ ಬರೆದು, ಜೋಡಣೆಗಳನ್ನು ಒಂದೊಂದಾಗಿ ಓಡಿಸಿ ನೋಡದೆ, ಅವೆಲ್ಲವೂ ಅದಕ್ಕೆ ಬದ್ಧವೇ ಎಂದು ಯಂತ್ರದಿಂದ ಗಣಿತದ ಲೆಕ್ಕದಲ್ಲೇ ತಾಳೆ ನೋಡಿಸಬೇಕು. ಆ ಒಂದು ಸಾಲನ್ನು ಬರೆಯಬೇಕಾದವರು ಸೌಲಭ್ಯ ಬರೆದ ನಾವೇ.

ನಮಸ್ಕಾರ.