ಪ್ರವಾಸದಲ್ಲೂ ಅಡುಗೆಮನೆ ಬೇಕೆನ್ನುವವರಿಗೆ ನನ್ನದೊಂದು ಪ್ರಶ್ನೆ

ನಮಸ್ಕಾರ ವೀಕ್ಷಕರೇ. ಕುಟುಂಬದೊಂದಿಗೆ ಪ್ರವಾಸ ಹೋಗುವವರು ಹೋಟೆಲ್ಲಿನಲ್ಲಿಯೇ ಉಳಿದುಕೊಳ್ಳುವುದು ಒಳ್ಳೆಯದೆಂದು ಹಿಂದಿನ ಸಂಚಿಕೆಯಲ್ಲಿ ಬೇರೆ ಯಾವುದೋ ಮಾತಿನ ನಡುವೆ ಹೇಳಿದ್ದೆ. ಅದಕ್ಕೆ ಒಬ್ಬ ಮಹನೀಯರು, ಅಡುಗೆಮನೆಯ ಸಮೇತ ಇಡೀ ಮನೆಯೇ ದಿನದ ಬಾಡಿಗೆಗೆ ಸಿಗುವಾಗ ಹೆಂಡತಿ ಮಕ್ಕಳನ್ನು ಹೋಟೆಲ್ ಕೋಣೆಯಲ್ಲಿ ಕೂಡಿಹಾಕುವುದು ಶುದ್ಧ ದಡ್ಡತನವೆಂದೂ, ಮನೆಯಾದರೆ ಬೇಕಾದದ್ದನ್ನು ಬೇಕಾದ ಹೊತ್ತಿಗೆ ಮಾಡಿಕೊಂಡು ತಿನ್ನಬಹುದೆಂದೂ ಬರೆದಿದ್ದಾರೆ. ಮಾಡುವವರು ಯಾರು, ತಿಂದ ಮೇಲೆ ಪಾತ್ರೆ ತೊಳೆಯುವವರು ಯಾರು ಎಂಬ ವಿವರವನ್ನು ಮಾತ್ರ ಅವರು ಕೊಟ್ಟಿಲ್ಲ.

ಈ ಹೊತ್ತಿನ ನನ್ನ ಮಾತೆಲ್ಲ ಆ ಒಂದು ವಿವರದ ಬಗ್ಗೆಯೇ. ಹೋಟೆಲ್ಲಿನಲ್ಲಿ ಹಾಸಿಗೆ ಸರಿಪಡಿಸಲು, ಕಸ ಎತ್ತಲು, ಟವೆಲ್ ಬದಲಿಸಲು, ಕೆಟ್ಟ ನಲ್ಲಿಯನ್ನು ರಿಪೇರಿ ಮಾಡಲು ಸಂಬಳ ಪಡೆಯುವ ಜನರಿರುತ್ತಾರೆ. ಬಾಡಿಗೆ ಮನೆಯಲ್ಲಿ ಆ ಜನ ಇರುವುದಿಲ್ಲ, ಆದರೆ ಆ ಕೆಲಸವೆಲ್ಲ ಹಾಗೆಯೇ ಇರುತ್ತದೆ, ಮತ್ತು ಅದು ಯಾವ ಚರ್ಚೆಯೂ ಇಲ್ಲದೆ ವರ್ಷವಿಡೀ ಮನೆಯಲ್ಲಿ ಅದನ್ನೇ ಮಾಡುತ್ತ ಬಂದವರ ಹೆಗಲಿಗೇ ಬಂದು ಕೂರುತ್ತದೆ. ಅದೂ ಗುರುತಿಲ್ಲದ ಅಡುಗೆಮನೆಯಲ್ಲಿ: ಚಾಕು ಮೊಂಡಾಗಿರುತ್ತದೆ, ಸೌಟು ಯಾವ ಡ್ರಾಯರಿನಲ್ಲಿದೆಯೆಂದು ತಿಳಿಯುವುದಿಲ್ಲ, ಒಲೆ ಹೊತ್ತಿಸುವ ಬಗೆ ಗೋಡೆಗೆ ಅಂಟಿಸಿದ ಸೂಚನೆಯನ್ನು ಓದಿದರೂ ಅರ್ಥವಾಗುವುದಿಲ್ಲ. ಮೂರು ದಿನದ ಅಡುಗೆಗೆಂದು ಎಣ್ಣೆ, ಉಪ್ಪು, ಸಕ್ಕರೆಯ ಪೊಟ್ಟಣಗಳನ್ನು ಪೂರ್ತಿ ಕೊಂಡು, ಮುಕ್ಕಾಲು ಪಾಲನ್ನು ಅಲ್ಲಿಯೇ ಬಿಟ್ಟು ಬರುವುದನ್ನು ಉಳಿತಾಯವೆಂದು ಕರೆಯುವ ಲೆಕ್ಕ ನನಗೆ ತಿಳಿಯದು. ಮನೆಯ ಒಲೆಯ ಮುಂದೆ ನಿಲ್ಲುವುದು ದುಡಿಮೆ, ಬಾಡಿಗೆ ಮನೆಯ ಒಲೆಯ ಮುಂದೆ ನಿಂತರೆ ವಿಶ್ರಾಂತಿ ಎನ್ನುವುದು ಅಳಿಯ ಅಲ್ಲ ಮಗಳ ಗಂಡ ಎಂದ ಹಾಗಾಯಿತು.

ದರದ ವಿಷಯಕ್ಕೆ ಬರೋಣ, ಏಕೆಂದರೆ ಆ ಮಹನೀಯರು ಅದನ್ನೂ ಎತ್ತಿದ್ದಾರೆ. ಬಾಡಿಗೆ ಮನೆಗಳಲ್ಲಿ ಕ್ಲೀನಿಂಗ್ ಫೀ ಸಾಮಾನ್ಯವಾಗಿ ಒಂದು ವಾಸ್ತವ್ಯಕ್ಕೆ ಒಂದು ಸಲ ಬೀಳುವಂಥದ್ದಾದ್ದರಿಂದ, ಹತ್ತು ರಾತ್ರಿ ಇರುವವರಿಗೆ ಅದು ಹಂಚಿಹೋಗುತ್ತದೆ, ಎರಡು ರಾತ್ರಿಗೆಂದು ಹೋದ ಕುಟುಂಬಕ್ಕೆ ಮಾತ್ರ ಬರೆ ಎಳೆಯುತ್ತದೆ. ಮೊದಲು ಕಂಡ ದರ ಒಂದು, ಕೊನೆಗೆ ತೆತ್ತದ್ದು ಇನ್ನೊಂದು ಎಂಬ ದೂರು ಎಷ್ಟು ಬೆಳೆಯಿತೆಂದರೆ, ಇಂಥ ಮನೆಗಳನ್ನು ಆನ್‌ಲೈನಿನಲ್ಲಿ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಸಂಸ್ಥೆಯು 2025ರಲ್ಲಿ ಎಲ್ಲ ಶುಲ್ಕಗಳನ್ನೂ ಸೇರಿಸಿದ ಒಟ್ಟು ದರವನ್ನು, ತೆರಿಗೆಯನ್ನು ಬಿಟ್ಟು, ಪ್ರಪಂಚದಾದ್ಯಂತ ಮೊದಲಿಗೇ ತೋರಿಸುವ ಕ್ರಮಕ್ಕೆ ಬಂದಿತು. ಸರಿ, ಫೀ ಕೊಟ್ಟೆವು. ಹಾಗಿದ್ದರೂ ಎಷ್ಟೋ ಮನೆಗಳಲ್ಲಿ ಹೊರಡುವ ಬೆಳಿಗ್ಗೆ ಹಾಸಿಗೆಯ ಹೊದಿಕೆ ಕಳಚಿಡಿ, ಕಸ ಹೊರಗಿಡಿ, ಪಾತ್ರೆ ತೊಳೆದಿಡಿ ಎಂಬ ಪಟ್ಟಿಯೊಂದು ಫ್ರಿಜ್ಜಿನ ಮೇಲೆ ಕಾಯುತ್ತಿರುತ್ತದೆ. ಶುಚಿ ಮಾಡಲು ಹಣವನ್ನೂ ಕೊಟ್ಟು, ಶುಚಿಯನ್ನೂ ಮಾಡಿಕೊಟ್ಟು, ಕೊನೆಗೆ ಅತಿಥಿಗಳು ಹೇಗಿದ್ದರೆಂದು ಮಾಲೀಕರಿಂದ ಸ್ಟಾರ್ ಪಡೆಯುವ ಭಾಗ್ಯ ಹೋಟೆಲ್ಲಿನಲ್ಲಿ ಸಿಗುವುದಿಲ್ಲ, ಒಪ್ಪುತ್ತೇನೆ. ಸ್ಟಾರಿನ ಮಾತು ಬಂದದ್ದರಿಂದ ನೆನಪಾಯಿತು, ಈ ವಿಡಿಯೊಗೆ ಲೈಕ್ ಒತ್ತಲು ಯಾವ ಫೀಯೂ ಇಲ್ಲ.

ಜಾಗದ ವಾದವಂತೂ ಹಳೆಯದು. ಮಗು ಬೇಗ ಮಲಗಿದರೆ ದೊಡ್ಡವರು ಒಂದೇ ಕೋಣೆಯಲ್ಲಿ ದೀಪವಾರಿಸಿ ಮೂಕರಂತೆ ಕೂರಬೇಕಲ್ಲವೇ ಎಂದು ಕೇಳುತ್ತಾರೆ. ನಡುವೆ ಬಾಗಿಲಿರುವ ಕನೆಕ್ಟಿಂಗ್ ಕೋಣೆಗಳು ಇರುವುದೇ ಅದಕ್ಕಾಗಿ. ಬುಕಿಂಗ್ ಮಾಡುವಾಗ ಅದನ್ನು ಬಹುಪಾಲು ಕಡೆ ಕೋರಿಕೆಯೆಂದಷ್ಟೇ ಬರೆದುಕೊಳ್ಳುತ್ತಾರೆ, ಖಾತ್ರಿ ಕೊಡುವುದಿಲ್ಲ. ಆದ್ದರಿಂದ ಹೋಟೆಲ್ಲಿಗೆ ನೇರವಾಗಿ ಫೋನ್ ಮಾಡಿ, ಅಕ್ಕಪಕ್ಕದ ಕೋಣೆಗಳಲ್ಲ, ಒಳಬಾಗಿಲಿರುವ ಕೋಣೆಗಳೇ ಬೇಕೆಂದು ಬಿಡಿಸಿ ಹೇಳಿ, ಅದನ್ನು ಬರಹದಲ್ಲಿ ಪಡೆದುಕೊಳ್ಳಿ. ಒಂದು ಫೋನ್ ಕರೆ. ಅದೂ ಕೆಲಸವಲ್ಲವೇ ಎನ್ನುವವರು ದಯವಿಟ್ಟು ಈ ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಿ, ಆಮೇಲೆ ವಾದಿಸೋಣ.

ನಡುರಾತ್ರಿ ಬಿಸಿನೀರು ನಿಂತು ಮಗು ವಾಂತಿ ಮಾಡಿಕೊಂಡಿತೆನ್ನಿ. ರಿಸೆಪ್ಶನ್ನಿನಲ್ಲಿ ಒಬ್ಬ ಮನುಷ್ಯ ಎಚ್ಚರವಾಗಿರುತ್ತಾನೆ, ಬೇರೆ ಹೊದಿಕೆ ಕಳುಹಿಸುತ್ತಾನೆ, ಬೇಕಾದರೆ ಬೇರೆ ಕೋಣೆಯನ್ನೇ ಕೊಡುತ್ತಾನೆ. ಬಾಡಿಗೆ ಮನೆಯಲ್ಲಿ ನೀವು ಮಾಲೀಕರಿಗೆ ಮೆಸೇಜ್ ಕಳುಹಿಸಿ, ಅದನ್ನು ಅವರು ನೋಡಿದರೇ ಎಂದು ಕಾಯುತ್ತೀರಿ, ಕಾಯುತ್ತಲೇ ವಾಷಿಂಗ್ ಮೆಷಿನ್ನಿನ ಗುಂಡಿಗಳನ್ನು ಅರ್ಥ ಮಾಡಿಕೊಳ್ಳಲು ಹೆಣಗುತ್ತೀರಿ. ಮನೆಯೊಳಗೆ ಕಾಲಿಟ್ಟೊಡನೆ ಹೊಗೆಯ ಅಲಾರ್ಮ್ ಇದೆಯೇ, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇದೆಯೇ, ಬಾಲ್ಕನಿಯ ಕಂಬಿಗಳ ನಡುವೆ ಮಗು ನುಸುಳೀತೇ ಎಂದು ನೋಡಬೇಕಾದವರೂ ನೀವೇ. ಹಾಲ್‌ನಂಥ ಕಡೆಗಳಲ್ಲಿ, ಮೊದಲೇ ತಿಳಿಸಿದ್ದರೆ, ಮನೆಯೊಳಗೆ ಕ್ಯಾಮೆರಾ ಇಡಲು ಏರ್‌ಬಿಎನ್‌ಬಿಯಲ್ಲಿ 2024ರ ಏಪ್ರಿಲ್‌ವರೆಗೂ ಅವಕಾಶವಿತ್ತು. ಈಗ ಅದನ್ನು ನಿಷೇಧಿಸಿದ್ದಾರೆ, ಸಂತೋಷ. ನಿಷೇಧ ಪಾಲನೆಯಾಗಿದೆಯೇ ಎಂದು ಗಡಿಯಾರದ ಹಿಂದೆ ಇಣುಕಿ ನೋಡುವ ಡ್ಯೂಟಿ ಯಾರದು?

ಕಾನೂನನ್ನು ಓದಿಕೊಳ್ಳುವ ಕೆಲಸವೂ ನಿಮ್ಮದೇ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಿ, ತಾವೂ ಅದೇ ಮನೆಯಲ್ಲಿದ್ದು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇಟ್ಟುಕೊಳ್ಳದಿರಬೇಕೆಂಬ ನಿಯಮ ಬಿಗಿಯಾಗಿ ಜಾರಿಗೆ ಬಂದಿದೆ. ಎರಡು ಮಕ್ಕಳ ಕುಟುಂಬದಲ್ಲಿ ಯಾರಿಬ್ಬರು ಹೊರಗೆ ಮಲಗಬೇಕೆಂದು ಆ ಮಹನೀಯರೇ ತೀರ್ಮಾನಿಸಲಿ. ಬಾರ್ಸಿಲೋನಾ ನಗರದ ಆಡಳಿತವು ಪ್ರವಾಸಿ ಫ್ಲಾಟುಗಳ ಪರವಾನಗಿಗಳನ್ನೇ 2028ರ ನವೆಂಬರಿನೊಳಗೆ ಮುಗಿಸುವುದಾಗಿ ಘೋಷಿಸಿದೆ.

ಇನ್ನು ತಿಂಗಳುಗಟ್ಟಲೆ ಉಳಿಯುವವರಿಗೆ ಮನೆಯೇ ಅನುಕೂಲವಲ್ಲವೇ ಎಂದರೆ, ತಿಂಗಳುಗಟ್ಟಲೆ ಉಳಿಯುವವರು ಪ್ರವಾಸಿಗರಲ್ಲ, ಬಾಡಿಗೆದಾರರು. ಅವರಿಗೆ ಈ ಸಂಚಿಕೆ ಅನ್ವಯಿಸುವುದಿಲ್ಲ. ಮಗುವಿಗೆ ಪಥ್ಯವಿದ್ದರೆ? ಹೋಟೆಲ್ಲಿನ ಅಡುಗೆಯವರಿಗೆ ಮುಂಚೆಯೇ ಹೇಳಿ. ಅವರು ಕೇಳದಿದ್ದರೆ? ಬೇರೆ ಹೋಟೆಲ್ಲಿಗೆ ಹೋಗಿ. ನಾವು ಮನೆಯಲ್ಲಿ ಕೆಲಸವನ್ನು ಸಮನಾಗಿ ಹಂಚಿಕೊಳ್ಳುತ್ತೇವೆ ಎನ್ನುವ ಗಂಡಸರಿಗೆ ನನ್ನದೊಂದು ವಿನಂತಿ: ಹಾಗೆಂದು ನೀವು ಬರೆಯಬೇಡಿ, ನಿಮ್ಮ ಮನೆಯವರಿಂದ ಬರೆಸಿ, ಓದಲು ನಾನು ಸಿದ್ಧನಿದ್ದೇನೆ. ಅಲ್ಲಿಯವರೆಗೆ ಹೋಟೆಲ್ಲೇ ಸರಿ, ಏಕೆ ಸರಿಯೆಂದರೆ ಸರಿ. ಮುಂದಿನ ವಾರ ಹೋಟೆಲ್ ದರದಲ್ಲಿಯೇ ಸೇರಿದೆಯೆಂದು ಹೇಳುವ ಬೆಳಗಿನ ಉಪಾಹಾರದ ಬಗ್ಗೆ ಮಾತನಾಡಲಿದ್ದೇನೆ, ಆಗ ಹೋಟೆಲ್ಲಿನವರೂ ನನ್ನನ್ನು ಬೈಯಬಹುದು. ಬೆಲ್ ಗುಂಡಿ ಒತ್ತಿಡಿ.