ಸಾಲಕ್ಕಿಂತ ಮೊದಲು ಒಂದು ಹಸು

ಎಲ್ಲರಿಗೂ ನಮಸ್ಕಾರ. ಹೆಂಗಸರು ಗುಂಪು ಕಟ್ಟಿಕೊಳ್ಳುವ ಸಂಘ, ಅದರ ಉಳಿತಾಯ, ಅಲ್ಲಿ ಸಿಗುವ ಸಣ್ಣ ಮೊತ್ತದ ಕಿರುಸಾಲ ಎಲ್ಲ ನಿಮಗೆ ಗೊತ್ತಿರುವುದೇ. ಅದಕ್ಕೇ ಪೀಠಿಕೆ ಬೇಡ, ಬಡತನಕ್ಕೆ ಸಾಲವೇ ಮದ್ದು ಅನ್ನುವವರ ಜೊತೆ ನೇರ ಜಗಳಕ್ಕೇ ಬರುತ್ತೇನೆ. ತೀರಾ ಬಡ ಹೆಂಗಸಿನ ಕೈಗೆ ಮೊದಲೇ ಸಾಲ ಕೊಡಬೇಡಿ.

ಬಾಂಗ್ಲಾದೇಶದ ಜೋಬ್ರಾ ಊರಿನ ಕಥೆ ನೀವು ಕೇಳಿರುತ್ತೀರಿ. ಆದರೂ ಹೇಳುತ್ತೇನೆ, ಬಿಡಲು ಮನಸ್ಸಾಗುವುದಿಲ್ಲ. 1976. ಮುಹಮ್ಮದ್ ಯೂನುಸ್ ಆಗ ಪಕ್ಕದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಆ ಊರಿನಲ್ಲಿ ಒಬ್ಬಾಕೆ ಮನೆ ಮುಂದೆ ಕೂತು ಬಿದಿರಿನ ಸ್ಟೂಲು ಹೆಣೆಯುತ್ತಿದ್ದಳು. ಬಿದಿರಿಗೆ 5 ಟಾಕಾ, ಅಂದರೆ ಅಲ್ಲಿನ ರೂಪಾಯಿ. ಅದು ಅವಳ ಹತ್ತಿರ ಇಲ್ಲ. ವ್ಯಾಪಾರಿ ಕೊಡುತ್ತಾನೆ, ಆದರೆ ಸ್ಟೂಲನ್ನು ಅವನಿಗೇ ಮಾರಬೇಕು. ಎಷ್ಟಕ್ಕೆ? ಐದೂವರೆ ಟಾಕಾಕ್ಕೆ. ದಿನವೆಲ್ಲ ಬೆರಳು ಸವೆಸಿದ್ದಕ್ಕೆ 50 ಪೈಸೆ! ಅಂಥವರು ಆ ಊರಲ್ಲಿ 42 ಜನ. ಅವರೆಲ್ಲರ ಬಾಕಿ ಸೇರಿದರೆ 27 ಡಾಲರ್. ಮೇಷ್ಟ್ರು ತಮ್ಮ ಜೇಬಿನಿಂದಲೇ ಕೊಟ್ಟರು. (ಅರ್ಥಶಾಸ್ತ್ರದವರು ಜೇಬಿಗೆ ಕೈ ಹಾಕಿದ ಅಪರೂಪದ ದಿನ ಅದು.) ಆಮೇಲೆ ಬಡವರಿಗೆ ಸಣ್ಣ ಸಾಲ ಕೊಡಲೆಂದೇ ಗ್ರಾಮೀಣ ಬ್ಯಾಂಕ್ ಕಟ್ಟಿದರು. 2006ರಲ್ಲಿ ಅವರಿಗೂ ಆ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಒಳ್ಳೆಯ ಕಥೆ, ಅಲ್ವಾ? ಆದರೆ ಆ ಹೆಂಗಸಿಗೆ ಕಸುಬು ಗೊತ್ತಿತ್ತು. ಕೊಳ್ಳುವವನೂ ಇದ್ದ, ಎಷ್ಟೇ ಕೆಟ್ಟವನಾಗಲಿ. ಎರಡೂ ಇಲ್ಲದವಳ ಗತಿ ಏನು? ಗಂಡ ಬಿಟ್ಟು ಹೋಗಿದ್ದಾನೆ, ಕೂಲಿ ಸಿಕ್ಕ ದಿನ ಮಾತ್ರ ಒಲೆ ಉರಿಯುತ್ತದೆ. ಅವಳಿಗೆ ಸಾಲ ಕೊಟ್ಟರೆ ಅದು ಅಕ್ಕಿ ಅಂಗಡಿಗೆ ಹೋಗುತ್ತದೆ. ಮುಂದಿನ ವಾರ ಕಂತಿನವರು ಬಾಗಿಲಲ್ಲಿ. ಇಂಥವರು ಸಂಘಕ್ಕೇ ಬರುವುದಿಲ್ಲ. ಬಂದರೂ ಉಳಿದವರು ಸೇರಿಸಿಕೊಳ್ಳುವುದಿಲ್ಲ, ಕಂತು ತಪ್ಪಿದರೆ ಯಾರು ಕಟ್ಟಬೇಕು ಅಂತ.

ಅದೇ ಬಾಂಗ್ಲಾದೇಶದಲ್ಲಿ ಬಡವರ ನಡುವೆ ಕೆಲಸ ಮಾಡುವ ಬ್ರ್ಯಾಕ್ ಅನ್ನುವ ಸ್ವಯಂಸೇವಾ ಸಂಸ್ಥೆಯ ಕಣ್ಣಿಗೆ ಇದು ಬಿತ್ತು. 2002ರಿಂದ ಅವರು ತೀರಾ ಬಡವರಿಗೆ ಮೊದಲು ಹಸುವನ್ನೋ ಆಡನ್ನೋ ಸುಮ್ನೆ ಕೊಟ್ಟರು. ವಾಪಸ್ ಕೇಳಲಿಲ್ಲ. ಹಸು ಹಾಲು ಕೊಡುವವರೆಗೆ ಊಟಕ್ಕೆ ವಾರವಾರ ಒಂದಿಷ್ಟು ದುಡ್ಡು. ಇಲ್ಲದಿದ್ದರೆ ಹಸಿವು ತಾಳದೆ ಹಸುವನ್ನೇ ಮಾರುತ್ತಾಳೆ. ಜೊತೆಗೆ ಒಬ್ಬರು ಮನೆಗೇ ಬಂದು ಹೋಗುತ್ತಾರೆ. ಮೇವು ಸಾಕಾ, ಕರು ಹೇಗಿದೆ, ಉಳಿತಾಯ ಕಟ್ಟಿದೆಯಾ ಅಂತ ಕೇಳುತ್ತಾರೆ. ಹೀಗೆ ಎರಡು ವರ್ಷ. ನನ್ನ ಕೇಳಿದರೆ ಹಸುವಿಗಿಂತ ಆ ವಿಚಾರಿಸಿಕೊಳ್ಳುವುದೇ ಜಾಸ್ತಿ ಮುಖ್ಯ. ಆದರೆ ನಮ್ಮ ಯೋಜನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಇದೇ ಕ್ರಮವನ್ನು ಭಾರತ, ಘಾನಾ, ಪೆರು ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಎಲ್ಲ ಮುಗಿದು ವರ್ಷವಾದ ಮೇಲೂ ಒಟ್ಟಾರೆ ಊಟ, ಆದಾಯ ಎರಡೂ ಈ ನೆರವು ಸಿಗದವರಿಗಿಂತ ಚೆನ್ನಾಗಿದ್ದವು. ಹೊಂಡುರಾಸ್‌ನಲ್ಲಿ ಮಾತ್ರ ಲೆಕ್ಕ ಕೈಕೊಟ್ಟಿತು. ಬಹಳ ಮಂದಿಯ ಕೋಳಿಗಳು ರೋಗ ಬಂದು ಸತ್ತವು. ಕೋಳಿ ಕೊಡುವ ಉತ್ಸಾಹ ಇರುವವರು ಲಸಿಕೆಯನ್ನೂ ನೆನಪಿಟ್ಟುಕೊಳ್ಳಿ.

ಸಂಘಟಕರಿಂದ ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಮಾರುಕಟ್ಟೆ ಬಗ್ಗೆ ಹೇಳಬೇಕಿತ್ತು, ಬಿಡಿ. ಒಂದೇ ಮಾತು. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಬಂಡವಾಳ ಕೊಟ್ಟಾಗ ಗಂಡಸರ ಲಾಭ ಏರಿತು, ಹೆಂಗಸರದ್ದು ಏರಲಿಲ್ಲ. ಆಮೇಲೆ ಲೆಕ್ಕ ಕೆದಕಿದವರಿಗೆ ಬೇರೆಯೇ ಕಂಡಿತು. ಮನೆಯಲ್ಲಿ ಅವಳದೊಂದೇ ವ್ಯಾಪಾರ ಇದ್ದ ಕಡೆ ಲಾಭ ಬಂದಿತ್ತು. ಗಂಡನದೂ ಇದ್ದ ಕಡೆ ದುಡ್ಡು ಅತ್ತ ಜಾರಿರುವಂತಿತ್ತು. ಹಾಗಾಗಿ ಚೆಕ್ ಯಾರ ಹೆಸರಿಗೆ ಅಂತ ಕೇಳಿದ ಮೇಲೆ, ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ ಹೋಯಿತು ಅಂತಲೂ ಕೇಳಿ.

ಸಾಲದ ಪರ ಮಾತಾಡುವವರು ಮುಂದಿನ ಸಾಲಿನಲ್ಲೇ ಇದ್ದಾರೆ. ಮೊದಲ ಪ್ರಶ್ನೆ ಅವರದೇ ಆಗಲಿ.